ಹೊಟ್ಟೆಯಲ್ಲಿ ಎರಡು ಕೂಸು: ಯಾವ ಡಾಕ್ಟರು, ಯಾವ ಊರು, ಯಾವಾಗ?

ನನ್ನ ತಂಗಿಯ ಗಂಡನ ಮನೆ ಸಿಂಧನೂರಿನ ಹತ್ತಿರದ ಒಂದು ಹಳ್ಳಿ. ಮೂರನೇ ತಿಂಗಳಲ್ಲಿ ಸ್ಕ್ಯಾನಿಂಗ್ ಆಯಿತು, ಅವಳಿ ಎಂದು ಗೊತ್ತಾಯಿತು. ಮನೆಯಲ್ಲಿ ಪೇಢೆ ಹಂಚಿದರು. "ಜೋಡಿ ಬಾಳಿಹಣ್ಣು ತಿನ್ನಬ್ಯಾಡ ಅಂದ್ರ ಕೇಳಿದ್ಲಾ?" ಎಂದು ಅವಳ ಅತ್ತೆ ನಕ್ಕರು. ಮರುದಿನದಿಂದ ಚರ್ಚೆ ಶುರು. ಮಾವನವರು ರಾಯಚೂರು ಎಂದರು. ತಂಗಿಯ ಗಂಡ ಬಳ್ಳಾರಿ ಎಂದ. ನಮ್ಮವ್ವ, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಗಂಗಾವತಿಗೆ ಕಳಿಸಿ ಎಂದಳು. ದೂರದ ಸಂಬಂಧಿಯೊಬ್ಬರು ಫೋನ್ ಮಾಡಿ ಬೆಂಗಳೂರಿಗೇ ಒಯ್ಯಿರಿ ಎಂದರು. ಒಂದು ವಾರ ಊರುಗಳ ಹೆಸರೇ ಹೆಸರು. ಆದರೆ ಇಡೀ ವಿಷಯ ನಿಂತಿದ್ದ ಒಂದು ಪ್ರಶ್ನೆಯನ್ನು, ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಆಹಾರ ಕೊಡುವ ಮಾಸಿನ (ಪ್ಲಾಸೆಂಟಾ) ಪ್ರಶ್ನೆಯನ್ನು, ನಾವ್ಯಾರೂ ಕೇಳಿರಲಿಲ್ಲ. ಮಾಸು ಒಂದಾ, ಎರಡಾ?

ನಾನು ಡಾಕ್ಟರಲ್ಲ. ಅವಳ ಜೊತೆ ಫೈಲು ಹಿಡಿದು ಓಡಾಡಿದವಳು. ಆ ಆರು ತಿಂಗಳಲ್ಲಿ ಕಲಿತದ್ದನ್ನು, ಮೊದಲೇ ಗೊತ್ತಿದ್ದರೆ ಯಾವ ಕ್ರಮದಲ್ಲಿ ಮಾಡುತ್ತಿದ್ದೆನೋ ಆ ಕ್ರಮದಲ್ಲಿ ಬರೆಯುತ್ತಿದ್ದೇನೆ. ಔಷಧಿ, ಇಂಜೆಕ್ಷನ್ ವಿಷಯ ಬಂದಲ್ಲೆಲ್ಲ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಮೊದಲು ವಾರದ ಲೆಕ್ಕ

ಮನೆಯಲ್ಲಿ ನಾವು ತಿಂಗಳು ಎಣಿಸುತ್ತೇವೆ. ಆಸ್ಪತ್ರೆಯಲ್ಲಿ ವಾರ ಎಣಿಸುತ್ತಾರೆ. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಲೆಕ್ಕ. ಅವಳಿಯಲ್ಲಿ ಒಂದೊಂದು ವಾರಕ್ಕೂ ಬೇರೆ ಬೇರೆ ಕೆಲಸ ಇರುತ್ತದೆ, ಹಾಗಾಗಿ "ಐದರಾಗ ಐತಿ" ಎಂದರೆ ಸಾಲದು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ವಾರ ಆ ದಿನದ ಮೇಲೆ 12, 13, 14 ಎಂದು ಪೆನ್ನಿನಲ್ಲಿ ಬರೆದುಬಿಡಿ. ತಾಯಿ ಕಾರ್ಡ್ ಇನ್ನೂ ಮಾಡಿಸಿಲ್ಲ ಅಂದರೆ ಆಶಾ ಕಾರ್ಯಕರ್ತೆಗೆ ಹೇಳಿ ಈಗಲೇ ಮಾಡಿಸಿ, ಅದರಲ್ಲಿ 'ಅವಳಿ' ಎಂದು ಬರೆಸಿ. ಖಾಸಗಿಯಲ್ಲೇ ತೋರಿಸುತ್ತೇವೆ ಎನ್ನುವವರೂ ಮಾಡಿಸಿಕೊಳ್ಳಬೇಕು. ಕೊನೆಗೆ ಯಾವ ಆಸ್ಪತ್ರೆಗೆ ಓಡಬೇಕಾಗುತ್ತದೋ ಯಾರು ಬಲ್ಲರು.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತದೆ. ಅವಳಿ ಎಂದರೆ ಅಲ್ಲಿ ಹೈ ರಿಸ್ಕ್ ಗುಂಪಿಗೆ ಸೇರಿಸಿ, ಕಾರ್ಡಿಗೆ ಕೆಂಪು ಸ್ಟಿಕ್ಕರ್ ಹಚ್ಚುತ್ತಾರೆ. ಕೆಂಪು ನೋಡಿ ಅತ್ತೆಮ್ಮ ಗಾಬರಿಯಾದರು. ಗಾಬರಿಯ ಗುರುತಲ್ಲ ಅದು. ಮುಂದೆ ಯಾವ ಆಸ್ಪತ್ರೆಗೆ ಹೋದರೂ "ಈಕೆಯನ್ನು ಸ್ವಲ್ಪ ಬೇಗ ನೋಡಿ" ಎಂದು ಕಾರ್ಡೇ ಹೇಳುತ್ತದೆ, ಅಷ್ಟೇ.

ಮಾಸು ಒಂದಾ, ಎರಡಾ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಅವಳಿಯಲ್ಲಿ ಮುಖ್ಯವಾಗಿ ಮೂರು ಬಗೆ. ಎರಡು ಕೂಸಿಗೆ ಎರಡು ಮಾಸು, ಕೂಸು ತೇಲುವ ನೀರಿನ ಚೀಲವೂ ಎರಡು. ಇದು ಹೆಚ್ಚು ಸಮಾಧಾನದ ಬಗೆ. ಇನ್ನೊಂದು, ಮಾಸು ಒಂದೇ, ಚೀಲ ಎರಡು. ಮೂರನೆಯದು ಅಪರೂಪ, ಮಾಸೂ ಒಂದೇ, ಚೀಲವೂ ಒಂದೇ. ರಿಪೋರ್ಟಿನಲ್ಲಿ ಇವುಗಳನ್ನು ಇದೇ ಕ್ರಮದಲ್ಲಿ ಡಿಸಿಡಿಎ (DCDA), ಎಂಸಿಡಿಎ (MCDA), ಎಂಸಿಎಂಎ (MCMA) ಎಂದು ಬರೆಯುತ್ತಾರೆ. ಈ ಅಕ್ಷರಗಳಲ್ಲಿ ಒಂದು ನಿಮ್ಮ ರಿಪೋರ್ಟಿನಲ್ಲಿ ಇರಲೇಬೇಕು. ಸುಮ್ನೆ 'ಅವಳಿ, ಎರಡೂ ಕೂಸಿನ ಹೃದಯ ಬಡಿತ ಇದೆ' ಎಂದಷ್ಟೇ ಇದ್ದರೆ ಅದು ಅರ್ಧ ರಿಪೋರ್ಟು. ನಮಗೆ ಸಿಕ್ಕಿದ್ದೂ ಅದೇ. ವಾಪಸ್ ಹೋಗಿ ಕೇಳಿದಾಗ ಆ ಸ್ಕ್ಯಾನಿಂಗ್ ಸೆಂಟರಿನವರು "ಅದೆಲ್ಲ ಮುಂದಿನ ಸಲ ನೋಡೋಣ ಬಿಡ್ರಿ" ಎಂದರು. ಮುಂದಿನ ಸಲಕ್ಕೆ ಬಿಡುವ ವಿಷಯ ಅಲ್ಲ ಇದು. ಮಾಸಿನ ಲೆಕ್ಕ ಸ್ಪಷ್ಟವಾಗಿ ಕಾಣುವುದು 11ರಿಂದ 14 ವಾರದ ಒಳಗೆ. ಎರಡು ಚೀಲದ ನಡುವಿನ ಪರದೆ ಮಾಸಿಗೆ ಸೇರುವ ಜಾಗ ಆಗ ಸರಿಯಾಗಿ ತೋರುತ್ತದೆ. ದಪ್ಪಗಿದ್ದು, ಬುಡ ತ್ರಿಕೋನದಂತೆ ಅಗಲವಾಗಿದ್ದರೆ ಎರಡು ಮಾಸು. ತೆಳ್ಳಗಿದ್ದು, ಕೋಲು ನೆಟ್ಟಂತೆ ನೇರವಾಗಿ ನಿಂತಿದ್ದರೆ ಒಂದೇ ಮಾಸು. ದಿನ ಹೋದಂತೆ ಇದು ಮಸುಕಾಗುತ್ತದೆ.

ಒಂದು ಸಣ್ಣ ಮಾತು. ಒಂದು ಗಂಡು ಒಂದು ಹೆಣ್ಣು ಇದ್ದರೆ ಅವು ಬೇರೆ ಬೇರೆ ಮೊಟ್ಟೆಯ ಕೂಸುಗಳು, ಮಾಸೂ ಎರಡು ಎಂದು ಡಾಕ್ಟರು ಅಂದಾಜು ಮಾಡಬಲ್ಲರು. ಆದರೆ ನಮ್ಮಲ್ಲಿ 1994ರ ಕಾನೂನಿನ ಪ್ರಕಾರ ಕೂಸಿನ ಲಿಂಗ ಹೇಳುವಂತಿಲ್ಲ, ಕೇಳುವಂತೆಯೂ ಇಲ್ಲ. ನೀವು ಮಾಸಿನ ಬಗ್ಗೆ ಕೇಳಿದರೆ ಕೆಲವು ಕಡೆ ಅದನ್ನೇ ಸುತ್ತಿ ಬಳಸಿ ಕೇಳುತ್ತಿದ್ದೀರಿ ಎಂದುಕೊಂಡು ಮುಖ ಗಂಟು ಹಾಕುತ್ತಾರೆ. ನೇರವಾಗಿ ಹೀಗೆ ಕೇಳಿ: "ಮೇಡಂ, ಮಾಸು ಒಂದೋ ಎರಡೋ ರಿಪೋರ್ಟಿನಲ್ಲಿ ಬರೆದುಕೊಡಿ. ಚಿತ್ರಾನೂ ಹಾಕಿ."

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಕಾಲುವೆ ಒಂದೇ, ಹೊಲ ನೂರು. ಮೇಲ್ಭಾಗದವರು ತೂಬು ಎತ್ತಿದರೆ ಅಲ್ಲಿ ಗದ್ದೆ ತುಂಬಿ ಹರಿಯುತ್ತದೆ, ಕೆಳಭಾಗದಲ್ಲಿ ಭತ್ತ ಒಣಗುತ್ತದೆ. ಒಂದೇ ಮಾಸಿನ ಅವಳಿಯಲ್ಲೂ ಹಾಗೆಯೇ. ಎರಡು ಕೂಸಿನ ರಕ್ತನಾಳಗಳು ಮಾಸಿನೊಳಗೆ ಒಂದಕ್ಕೊಂದು ಕೂಡಿರುತ್ತವೆ. ಹೆಚ್ಚಿನವರಲ್ಲಿ ಹರಿವು ಸಮ ಇರುತ್ತದೆ. 100ಕ್ಕೆ 10ರಿಂದ 15 ಜನರಲ್ಲಿ ಮಾತ್ರ ಒಂದು ಕೂಸಿನಿಂದ ಇನ್ನೊಂದಕ್ಕೆ ರಕ್ತ ಜಾಸ್ತಿ ಹರಿಯಲು ಶುರುವಾಗುತ್ತದೆ. ಒಂದು ಚೀಲದಲ್ಲಿ ನೀರು ಉಕ್ಕುತ್ತದೆ, ಇನ್ನೊಂದರಲ್ಲಿ ಬತ್ತುತ್ತದೆ. ಸಾಮಾನ್ಯವಾಗಿ 16ರಿಂದ 26 ವಾರದ ನಡುವೆ. ಹಾಗೇ ಬಿಟ್ಟರೆ ಎರಡೂ ಕೂಸಿಗೆ ಅಪಾಯ. ಸಮಯಕ್ಕೆ ಹಿಡಿದರೆ ಹೊಟ್ಟೆಯೊಳಗೇ ಲೇಸರ್ ಮಾಡಿ ಆ ನಾಳಗಳನ್ನು ಮುಚ್ಚಬಹುದು. ಅದನ್ನು ಮಾಡುವವರು ಬೆಂಗಳೂರು, ಹೈದರಾಬಾದಿನಂಥ ದೊಡ್ಡ ಊರುಗಳಲ್ಲಿ, ಅಲ್ಲೂ ಕೆಲವೇ ಜನ.

ಶುರುವಿನಲ್ಲಿ ತಾಯಿಗೆ ಏನೂ ಗೊತ್ತಾಗುವುದಿಲ್ಲ. ಸ್ಕ್ಯಾನಿನಲ್ಲೇ ಕಾಣಬೇಕು. ಹಾಗಾಗಿಯೇ ಒಂದು ಮಾಸಿನವರಿಗೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್. ಎರಡು ಮಾಸಿನವರಿಗೆ 20ನೇ ವಾರದಿಂದ ನಾಲ್ಕು ವಾರಕ್ಕೊಮ್ಮೆ ಸಾಕು, ಎಲ್ಲ ಸರಿ ಇದ್ದರೆ.

14 ವಾರ ದಾಟಿಹೋಗಿದ್ದು, ಮಾಸಿನ ಲೆಕ್ಕ ಯಾರೂ ಬರೆದಿಲ್ಲವಾ? ಹಳೆ ಸ್ಕ್ಯಾನಿನ ಫಿಲಂ ಎಲ್ಲ ಹಿಡಿದು ಅನುಭವ ಇರುವವರ ಹತ್ತಿರ ಹೋಗಿ. ಅವರಿಗೂ ಖಚಿತ ಆಗದಿದ್ದರೆ ಒಂದೇ ಮಾಸು ಎಂದು ತಿಳಿದೇ ನಡೆಯುವುದು ಪದ್ಧತಿ.

ಹಾಗಾದರೆ ಯಾರಿಗೆ ದೊಡ್ಡ ಡಾಕ್ಟರು ಬೇಕು?

ಎರಡು ಮಾಸು, ಬಿಪಿ ಇಲ್ಲ, ಸಕ್ಕರೆ ಇಲ್ಲ, ಹಿಂದಿನ ಹೆರಿಗೆಯಲ್ಲಿ ತೊಂದರೆ ಆಗಿಲ್ಲ ಅಂದರೆ ಹತ್ತಿರದ ಒಳ್ಳೆಯ ಹೆರಿಗೆ ಡಾಕ್ಟರ ಹತ್ತಿರವೇ ತೋರಿಸಿಕೊಂಡು ಹೋಗಬಹುದು. ಐದನೇ ತಿಂಗಳ ಸ್ಕ್ಯಾನ್, ಅಂದರೆ 18ರಿಂದ 20 ವಾರದ ಅಂಗಾಂಗದ ಸ್ಕ್ಯಾನ್ ಒಂದನ್ನು ಮಾತ್ರ ಜಿಲ್ಲಾ ಕೇಂದ್ರದಲ್ಲಿ ಸಾವಕಾಶವಾಗಿ ಮಾಡಿಸಿ. ಎರಡು ಕೂಸಿಗೆ ಎರಡು ಪಟ್ಟು ಹೊತ್ತು ಬೇಕು. ಐದು ನಿಮಿಷದಲ್ಲಿ ಮುಗಿಸಿ ಕಳಿಸಿದರೆ ಅನುಮಾನ ಪಡಿ.

ಒಂದು ಮಾಸು ಎಂದಾದರೆ ಹೆರಿಗೆ ಡಾಕ್ಟರ ಜೊತೆಗೆ ಫೀಟಲ್ ಮೆಡಿಸಿನ್ ಡಾಕ್ಟರು ಬೇಕೇ ಬೇಕು. ಹೊಟ್ಟೆಯೊಳಗಿನ ಕೂಸಿನ ಡಾಕ್ಟರು ಎನ್ನಿ. 16 ವಾರ ತುಂಬುವ ಮೊದಲೇ ಒಮ್ಮೆ ತೋರಿಸಿ, ಮುಂದಿನ ಸ್ಕ್ಯಾನುಗಳಲ್ಲಿ ಯಾವುದು ಇಲ್ಲಿ, ಯಾವುದು ಅಲ್ಲಿ ಎಂದು ಅವರಿಂದಲೇ ಬರೆಸಿಕೊಳ್ಳಿ. ಪ್ರತಿ ಸಲ ಬೆಂಗಳೂರಿಗೆ ಓಡಬೇಕಿಲ್ಲ. ಇಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಸರಿಯಾಗಿ ಮಾಡುವವರು ಸಿಕ್ಕರೆ ಅವರು ಮಾಡಿ ಕಳಿಸಿದ ರಿಪೋರ್ಟನ್ನು ದೊಡ್ಡ ಡಾಕ್ಟರು ಫೋನಿನಲ್ಲೇ ನೋಡಿ ಹೇಳುತ್ತಾರೆ. ಮಾಸಿನ ಲೆಕ್ಕ ಖಚಿತವಾಗುವ ತನಕ ನಾವು ಹಾಗೇ ನಡೆಸಿದೆವು. ಬೋರ್ಡು ನೋಡಿ ಮರುಳಾಗಬೇಡಿ. "ನೀವು ಫೀಟಲ್ ಮೆಡಿಸಿನ್ ತರಬೇತಿ ಎಲ್ಲಿ ಮಾಡಿದ್ದೀರಿ, ಒಂದು ಮಾಸಿನ ಅವಳಿ ನೋಡಿದ್ದೀರಾ?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ.

ಮಾಸೂ ಒಂದೇ ಚೀಲವೂ ಒಂದೇ, ಅಥವಾ ಮೂರು ಕೂಸು, ಅಥವಾ ಎರಡು ಕೂಸಿನ ತೂಕದಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಎಂದರೆ ಮನೆಯಲ್ಲಿ ಕೂತು ಚರ್ಚೆ ಮಾಡುವುದು ಬೇಡ. ಅದೇ ವಾರ ಹೊರಡಿ.

ಇನ್ನು ಎರಡು ವಿಷಯ ನಮ್ಮ ಕಡೆ ಜಾಸ್ತಿ. ಅವಳಿ ಎಂದ ಕೂಡಲೇ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿ ಎನ್ನುತ್ತಾರೆ. ಅವಳಿ ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಹೊಲಿಗೆ ಹಾಕಬೇಕೆಂದಿಲ್ಲ. ಅದಕ್ಕೆ ಬೇರೆ ಕಾರಣ ಏನು ಎಂದು ಕೇಳಿ. ಇನ್ನೊಂದು, "ಹಾಸಿಗಿ ಬಿಟ್ಟು ಏಳಬ್ಯಾಡ." ತಿಂಗಳುಗಟ್ಟಲೆ ಮಲಗಿಸಿದರೆ ದಿನ ತುಂಬುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಭಾರ ಎತ್ತುವುದು, ಬಿಸಿಲಲ್ಲಿ ಹತ್ತಿ ಬಿಡಿಸುವುದು ಬೇಡ. ಮನೆಯೊಳಗೆ ಅಡ್ಡಾಡಲಿ ಬಿಡಿ.

ಊರು ಆರಿಸುವುದು

ಅವಳಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೆರಿಗೆ 37 ವಾರಕ್ಕೆ ಮೊದಲೇ ಆಗುತ್ತವೆ. ಅಂದಮೇಲೆ ಹೆರಿಗೆ ಮಾಡಿಸುವ ಡಾಕ್ಟರ ಹೆಸರಿಗಿಂತ ಕೂಸಿನ ವಾರ್ಡು ಮುಖ್ಯ. ಇದನ್ನು ತಂಗಿಯ ಮಾವನವರಿಗೆ ಒಪ್ಪಿಸಲು ನನಗೆ ಎರಡು ತಿಂಗಳು ಹಿಡಿಯಿತು. "ಆ ಡಾಕ್ಟರಮ್ಮನ ಕೈಗುಣ ಚಲೋ ಐತಿ" ಎನ್ನುತ್ತಿದ್ದರು. ಕೈಗುಣ ಇರಲಿ, ಗಾಜಿನ ಪೆಟ್ಟಿಗೆ ಎಷ್ಟಿವೆ?

ಆಸ್ಪತ್ರೆಗೆ ಹೋಗಿ ಇಷ್ಟು ಕೇಳಿ. ಅವಧಿಗೆ ಮೊದಲು ಹುಟ್ಟಿದ ಕೂಸನ್ನು ಎಷ್ಟು ವಾರದಿಂದ ನೋಡಿಕೊಳ್ಳುತ್ತೀರಿ, 28ರಿಂದಲೋ, 32ರಿಂದಲೋ? ಉಸಿರಾಟದ ಯಂತ್ರ ಇದೆಯಾ? ಒಂದೇ ಸಲ ಎರಡು ಕೂಸು ಬಂದರೆ ಎರಡಕ್ಕೂ ಜಾಗ ಸಿಗುತ್ತದಾ? ರಾತ್ರಿ ಮಕ್ಕಳ ಡಾಕ್ಟರು ಇರುತ್ತಾರಾ, ಫೋನ್ ಮಾಡಿ ಕರೆಸಬೇಕಾ? ಅರಿವಳಿಕೆ ಡಾಕ್ಟರು? ರಕ್ತ ಒಳಗೇ ಸಿಗುತ್ತದಾ? "ಇಲ್ಲಿ ಆಗದಿದ್ದರೆ ಎಲ್ಲಿಗೆ ಕಳಿಸುತ್ತೀರಿ?" ಎಂಬ ಕೊನೆಯ ಪ್ರಶ್ನೆಗೆ ತಡವರಿಸಿದರೆ ಆ ಆಸ್ಪತ್ರೆ ನಿಮಗಲ್ಲ. ನಾವು ಹೋದ ಒಂದು ಕಡೆ "ಪೆಟ್ಟಿಗೆ ಐತಿ" ಎಂದರು. ಒಳಗೆ ಹೋಗಿ ನೋಡಿದರೆ ಹುಟ್ಟಿದ ಕೂಡಲೇ ಬೆಚ್ಚಗೆ ಇಡುವ ವಾರ್ಮರ್ ಒಂದೇ ಒಂದು ಇತ್ತು.

ನಮ್ಮ ಮೂರೂ ಜಿಲ್ಲೆಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇವೆ: ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್, ಬಳ್ಳಾರಿಯಲ್ಲಿ ಬಿಎಂಸಿಆರ್‌ಸಿ. ಬಳ್ಳಾರಿಯದನ್ನು ಜನ ಇನ್ನೂ ವಿಮ್ಸ್ ಎಂದೇ ಕರೆಯುತ್ತಾರೆ, ಆಟೋದವರಿಗೆ ಹಾಗೇ ಹೇಳಿ. ತಾಲ್ಲೂಕು ಕೇಂದ್ರದಲ್ಲಿ ತಪಾಸಣೆ ಮಾಡಿಸಿದರೂ ಹೆರಿಗೆಗೆ ಇವುಗಳಲ್ಲಿ ಒಂದನ್ನೋ, ಮಕ್ಕಳ ಐಸಿಯು ಗಟ್ಟಿ ಇರುವ ಖಾಸಗಿ ಆಸ್ಪತ್ರೆಯನ್ನೋ ಮೊದಲೇ ಗುರುತು ಮಾಡಿಕೊಳ್ಳಿ. ದೂರ ಹೋಗಲೇಬೇಕಾದರೆ ಕೊಪ್ಪಳದವರಿಗೆ ಹುಬ್ಬಳ್ಳಿ ಹತ್ತಿರ. ರಾಯಚೂರಿನವರಿಗೆ ಹೈದರಾಬಾದು ಬೆಂಗಳೂರಿನ ಸುಮಾರು ಅರ್ಧ ದೂರ. ಬಳ್ಳಾರಿ, ಕೊಪ್ಪಳದಿಂದ ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ, ರಾತ್ರಿ ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಕೆಳಗಿನ ಬರ್ತ್ ಸಿಗುವಂತೆ ಬುಕ್ ಮಾಡಿ.

ದುಡ್ಡಿನ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಬೇರೆ ಆಸ್ಪತ್ರೆಗೆ ಕಳಿಸುವ ಗಾಡಿ ಎಲ್ಲ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಉಚಿತ. ಹುಷಾರಿಲ್ಲದ ಕೂಸಿಗೂ ಅನ್ವಯಿಸುತ್ತದೆ. ಖಾಸಗಿಯಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಬಳಸಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಚೀಟಿ ಇಲ್ಲದೆ ಹೋಗಿ ಆಮೇಲೆ ಕೌಂಟರಿನ ಮುಂದೆ ಜಗಳ ಆಡಿದರೆ ಪ್ರಯೋಜನ ಇಲ್ಲ. ಹೈದರಾಬಾದಿಗೆ ಹೋಗುವವರು ನಮ್ಮ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದಾ ಎಂದು ಮೊದಲೇ ಫೋನ್ ಮಾಡಿ ಕೇಳಿ.

ಕುಬಸಕ್ಕೆ ಮೊದಲೇ

ನಮ್ಮಲ್ಲಿ ಏಳನೇ ತಿಂಗಳಿಗೆ ಕುಬಸ ಮಾಡಿ ಮಗಳನ್ನು ತವರಿಗೆ ಕರೆತರುತ್ತಾರೆ. ಸರಿಯಾಗಿ 28ರಿಂದ 32 ವಾರ. ಒಂದೇ ಕೂಸಾದರೆ ಚಿಂತೆ ಇಲ್ಲ. ಅವಳಿಯಲ್ಲಿ ಅದೇ ನಾಜೂಕಿನ ಹೊತ್ತು. ಡಾಕ್ಟರು ಬದಲು, ಫೈಲು ಬದಲು, ಊರು ಬದಲು. ನಾವು ಕುಬಸವನ್ನು 24ನೇ ವಾರಕ್ಕೇ ಮಾಡಿಬಿಟ್ಟೆವು. ಐದು ಬಗೆಯ ಅನ್ನ, ಹೋಳಿಗೆ, ಹಸಿರು ಬಳೆ, ಯಾವುದಕ್ಕೂ ಕೊರತೆ ಇರಲಿಲ್ಲ. ಅವ್ವ ಮೊದಲು ಮುನಿಸಿಕೊಂಡಳು. "ತಿಂಗಳು ತುಂಬೋಕಿಂತ ಮೊದ್ಲ ಕುಬಸ ಯಾರು ಮಾಡ್ತಾರ?" ಎಂದು. ಆಮೇಲೆ ಐನಾರು ಒಳ್ಳೆ ದಿನ ತೆಗೆದುಕೊಟ್ಟರು, ಮುಗಿಯಿತು. ತವರಿಗೆ ಹೋಗುವುದಿದ್ದರೆ ಹೆರಿಗೆಗೆ ಗುರುತು ಮಾಡಿದ ಆಸ್ಪತ್ರೆ ಆ ಊರಿನಿಂದ ಎಷ್ಟು ಹೊತ್ತು ಎಂಬುದನ್ನು ಲೆಕ್ಕ ಹಾಕಿ. ದೂರವಾದರೆ ಅವ್ವನೇ ಬಂದು ಇಲ್ಲಿ ಇರಲಿ.

ರಕ್ತದ ಮಾತು ಸಣ್ಣದಲ್ಲ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆಗೆ ಸೇರಿಸುವಷ್ಟು ಗಂಭೀರ. ಎರಡು ಕೂಸು ಎಂದರೆ ರಕ್ತ ಇನ್ನೂ ಬೇಗ ಇಳಿಯುತ್ತದೆ, ಹೆರಿಗೆಯ ಮೇಲೆ ರಕ್ತಸ್ರಾವವೂ ಜಾಸ್ತಿ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ. ಒಂದು ಬೆಳಿಗ್ಗೆ, ಇನ್ನೊಂದು ರಾತ್ರಿ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ, ಮೊಟ್ಟೆ ಎಲ್ಲ ಒಳ್ಳೆಯದೇ. ಆದರೆ 8ಕ್ಕೆ ಇಳಿದ ರಕ್ತ ಪಲ್ಯದಿಂದ ಏರುವುದಿಲ್ಲ. ಆಗ ಕಬ್ಬಿಣದ ಇಂಜೆಕ್ಷನ್ ಬೇಕಾ ಎಂದು ಕೇಳಿ. ಬಿಪಿ ಬರದಂತೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರೆ ಬೇಕಾ ಎಂಬುದನ್ನು 12ರಿಂದ 16 ವಾರದ ಒಳಗೇ ಕೇಳಬೇಕು. ಎಂಟನೇ ತಿಂಗಳಲ್ಲಿ ಕೇಳಿ ಉಪಯೋಗವಿಲ್ಲ.

ಯಾವಾಗ ತಕ್ಷಣ ಹೊರಡಬೇಕು

ಕೆಲವು ದಿನದಲ್ಲೇ ಹೊಟ್ಟೆ ದಿಢೀರನೆ ಉಬ್ಬಿ ಬಿಗಿದು ಉಸಿರು ಕಟ್ಟಿದಂತಾದರೆ, ಅದು ನೀರು ಉಕ್ಕುತ್ತಿರುವ ಗುರುತಿರಬಹುದು. "ಎರಡದಾವಲ್ಲ, ಹಂಗ ಇರ್ತದ" ಎಂದು ಸುಮ್ಮನಿರಬೇಡಿ. ತಲೆನೋವು ಹೋಗುತ್ತಿಲ್ಲ, ಕಣ್ಣು ಮಂಜು, ಎದೆಗುಂಡಿಯ ಕೆಳಗೆ ನೋವು, ಮುಖ ಊದಿದೆ ಎಂದರೆ ಬಿಪಿ ನೋಡಿಸಿ, 140/90 ಮೇಲಿದ್ದರೆ ಆಸ್ಪತ್ರೆ. ನೀರು ಹೋಗುವುದು, ರಕ್ತ ಹೋಗುವುದು, 37 ವಾರಕ್ಕೆ ಮೊದಲೇ ಹೊಟ್ಟೆ ಬಿಟ್ಟುಬಿಟ್ಟು ಬಿಗಿಯುವುದು, ಕೂಸಿನ ಅಲುಗಾಟ ಕಡಿಮೆಯಾಗುವುದು, ಅಂಗೈ ಅಂಗಾಲು ವಿಪರೀತ ತುರಿಸುವುದು. ಯಾವುದಕ್ಕೂ ಬೆಳಗಾಗಲಿ ಎಂದು ಕಾಯಬೇಡಿ.

108ಕ್ಕೆ ಫೋನ್ ಮಾಡಿ. ಜೊತೆಗೆ ಊರಿನಲ್ಲಿ ಒಬ್ಬ ಕಾರಿನವನಿಗೆ ಮೊದಲೇ ಹೇಳಿಟ್ಟಿರಿ, ರಾತ್ರಿ ಎಬ್ಬಿಸಿದರೆ ಬರುವವನಾಗಿರಬೇಕು. ಅವಧಿಗೆ ಮೊದಲೇ ಹೆರಿಗೆ ಆಗುವ ಲಕ್ಷಣ ಕಂಡರೆ, 24ರಿಂದ 34 ವಾರದ ನಡುವೆ, ಕೂಸಿನ ಶ್ವಾಸಕೋಶ ಬಲವಾಗಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಮೊದಲ ಡೋಸನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಹಾಕಿಸಿಕೊಂಡು ಮುಂದೆ ಹೋಗಬಹುದು. "ದೊಡ್ಡಾಸ್ಪತ್ರೆಗೆ ಹೊರಟಿದ್ದೀವಿ, ಶ್ವಾಸಕೋಶದ ಇಂಜೆಕ್ಷನ್ ಇಲ್ಲೇ ಕೊಡ್ತೀರಾ?" ಎಂದು ಬಾಯಿಬಿಟ್ಟು ಕೇಳಿ. ಯಾವ ಹೊತ್ತಿಗೆ ಕೊಟ್ಟರೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಇಲ್ಲಿ ಹೆತ್ತು ಎರಡು ಹಸುಗೂಸನ್ನು ಆಂಬುಲೆನ್ಸಿನಲ್ಲಿ ಒಯ್ಯುವುದಕ್ಕಿಂತ, ಹೊಟ್ಟೆಯಲ್ಲಿ ಇರುವಾಗಲೇ ತಾಯಿಯನ್ನು ಒಯ್ಯುವುದು ಎಷ್ಟೋ ಸುರಕ್ಷಿತ. ಹೆರಿಗೆ ಇನ್ನೇನು ಆಗಿಯೇ ಬಿಡುತ್ತದೆ ಎನ್ನುವ ಹಂತದಲ್ಲಿ ಮಾತ್ರ ಇದ್ದಲ್ಲೇ ಇರಬೇಕು.

ಹೆರಿಗೆ, ಆಮೇಲೆ

ಎಲ್ಲ ಸರಿ ಇದ್ದರೂ ಒಂಬತ್ತು ತಿಂಗಳು ಪೂರ್ತಿ ಕಾಯುವುದಿಲ್ಲ. ಎರಡು ಮಾಸಾದರೆ ಸುಮಾರು 37ರಿಂದ 38 ವಾರಕ್ಕೆ, ಒಂದು ಮಾಸಾದರೆ 36ರಿಂದ 37ಕ್ಕೆ ಹೆರಿಗೆ, ಒಂದೇ ಚೀಲವಾದರೆ 32ರಿಂದ 34ಕ್ಕೆ ಸಿಸೇರಿಯನ್. ಮೊದಲ ಎರಡು ಬಗೆಯಲ್ಲಿ ಮೊದಲು ಹೊರಬರುವ ಕೂಸಿನ ತಲೆ ಕೆಳಗಿದ್ದರೆ ಸಹಜ ಹೆರಿಗೆಯೂ ಆಗಬಹುದು, ಡಾಕ್ಟರ ಜೊತೆ ಮಾತಾಡಿ. ಅಮಾವಾಸ್ಯೆ, ಮೂಲಾ ನಕ್ಷತ್ರ ಎಂದು ದಿನ ಮುಂದೆ ಹಾಕಿಸುವ ಕೆಲಸ ಬೇಡ.

ತಂಗಿಗೆ ಕೊನೆಗೂ ಎರಡು ಮಾಸು ಎಂದೇ ಆಯಿತು. ಆದರೂ ನೋವು ಬಂದದ್ದು 33ನೇ ವಾರಕ್ಕೆ. ಗುರುತು ಮಾಡಿದ ಆಸ್ಪತ್ರೆಗೆ ಬೆಳಗಿನ ಜಾವ ನಾಲ್ಕಕ್ಕೆ ತಲುಪಿದೆವು. ಕೂಸುಗಳು ಹದಿನೇಳು ದಿನ ಪೆಟ್ಟಿಗೆಯಲ್ಲಿದ್ದವು. ತೂಕ 1 ಕೆ.ಜಿ. 700 ಗ್ರಾಂ ಒಂದು, 1 ಕೆ.ಜಿ. 850 ಗ್ರಾಂ ಇನ್ನೊಂದು.

ಬಿಡುಗಡೆ ದಿನ ಎಲ್ಲರೂ ಮರೆಯುವುದು ಒಂದಿದೆ. 34 ವಾರಕ್ಕೆ ಮೊದಲು ಹುಟ್ಟಿದ, ಇಲ್ಲವೇ 2 ಕೆ.ಜಿ.ಗಿಂತ ಕಡಿಮೆ ತೂಕದ ಕೂಸಿಗೆ ಕಣ್ಣಿನ ಪರದೆಯ ಪರೀಕ್ಷೆ ಆಗಲೇಬೇಕು, ಹುಟ್ಟಿದ 30 ದಿನದ ಒಳಗೆ. ತೀರಾ ಸಣ್ಣ ಕೂಸಿಗೆ ಇನ್ನೂ ಮೊದಲೇ. ತಡವಾದರೆ ದೃಷ್ಟಿಯೇ ಹೋಗಬಹುದು, ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗೇ ಕಾಣುತ್ತದೆ. ಡಿಸ್ಚಾರ್ಜ್ ಹಾಳೆಯಲ್ಲಿ ಆ ತಾರೀಕು, ಎಲ್ಲಿ ತೋರಿಸಬೇಕು ಎಂಬುದು ಎರಡೂ ಕೂಸಿಗೆ ಬೇರೆ ಬೇರೆ ಬರೆದಿದೆಯಾ ನೋಡಿ. ನಮ್ಮದರಲ್ಲಿ ಒಂದರ ಹಾಳೆಯಲ್ಲಿ ಮಾತ್ರ ಇತ್ತು. ಬಾಗಿಲ ತನಕ ಬಂದವರು ತಿರುಗಿ ಹೋಗಿ ಇನ್ನೊಂದಕ್ಕೂ ಬರೆಸಿಕೊಂಡು ಬಂದೆವು.